ದೋಣಿಯ ಹಗ್ಗಕ್ಕೆ ಸಿಕ್ಕ ಹೂವು

ಅದಕ್ಕೆ ದೋಣಿ ಎಂದು ಹೆಸರಿಟ್ಟವರು ನಿಜವಾದ ದೋಣಿಯನ್ನು ಕಣ್ಣಿಂದ ಕಂಡಿರಲಿಕ್ಕಿಲ್ಲ. ನಾಲ್ಕು ಖಾಲಿ ಡಾಂಬರು ಡ್ರಮ್ಮು, ಅವುಗಳ ಮೇಲೆ ಮುರಿದ ಚಕ್ಕಡಿಯೊಂದರ ಹಲಗೆಗಳು, ಬಿಗಿಯಲಿಕ್ಕೆ ತಂತಿ. ಕಾಲುವೆಯ ಈ ದಂಡೆಗೊಂದು ಗೂಟ, ಆ ದಂಡೆಗೊಂದು ಗೂಟ, ಎರಡರ ನಡುವೆ ಮಣಿಕಟ್ಟಿನಷ್ಟು ದಪ್ಪನೆಯ ಹಗ್ಗ. ದೋಣಿಗೆ ಕಟ್ಟಿದ ಕಬ್ಬಿಣದ ಬಳೆ ಆ ಹಗ್ಗದ ಮೇಲೆ ಸರಿಯುತ್ತಿತ್ತು. ಹಲಗೆಯ ಮೇಲೆ ನಿಂತು ಹಗ್ಗ ಜಗ್ಗುತ್ತ ಹೋದರೆ ಆಚೆಯ ದಂಡೆ ಹತ್ತಿರ ಬರುತ್ತಿತ್ತು. ನಮ್ಮೂರಿನವರ ನೌಕಾಯಾನವೆಂದರೆ ಇಷ್ಟೇ.

ಎಂಬತ್ತರ ದಶಕದ ನಡುವೆ ನವಲಗುಂದ ತಾಲೂಕಿನ ಆ ಊರಿಗೆ ಸೊಸೆಯಾಗಿ ಬಂದಾಗ ಅದನ್ನು ನೋಡಿ ನನಗೆ ನಗು ಬಂದಿತ್ತು. ಅದೇ ಊರಿನ ಶಾಲೆಗೆ ಮಾಸ್ತರಿಕೆಯ ಆದೇಶ ಸಿಕ್ಕಿ ಅದರ ಮೇಲೆ ಕಾಲಿಟ್ಟ ದಿನ ಜೀವ ಬಾಯಿಗೆ ಬಂತು. ಶಾಲೆ ಕಾಲುವೆಯ ಆಚೆ, ನಮ್ಮ ಓಣಿ ಈಚೆ. ಸೇತುವೆ ಇತ್ತು, ಇಲ್ಲವೆಂದಲ್ಲ. ಆದರೆ ಎರಡು ಮೈಲು ಸುತ್ತು. ನಮ್ಮದು ಎರೆಭೂಮಿ. ಒಂದು ಮಳೆ ಬಿದ್ದರೆ ಸಾಕು, ಹೆಜ್ಜೆಗೊಂದು ಸೇರಿನಷ್ಟು ಮಣ್ಣು ಕಾಲಿಗೆ ಹತ್ತಿ, ಚಪ್ಪಲಿ ಹೊಲದಲ್ಲೇ ಉಳಿದು, ಮನುಷ್ಯ ಮಾತ್ರ ಮುಂದೆ ಹೋಗುತ್ತಾನೆ. ಮಳೆಗಾಲದಲ್ಲಿ ಆ ದಾರಿಯಿಂದ ಶಾಲೆಗೆ ಬಾ ಎಂದರೆ ನಮ್ಮ ಓಣಿಯ ಹೆಣ್ಣುಮಕ್ಕಳನ್ನು ಅವರ ಮನೆಯವರು ಕಳಿಸುತ್ತಲೇ ಇರಲಿಲ್ಲ. ಹೀಗಾಗಿ ಕಾಲುವೆಯಲ್ಲಿ ನೀರಿರುವಷ್ಟು ತಿಂಗಳು ದೋಣಿಯೇ ನಮಗೆ ಗತಿ.

ದೋಣಿ ನಡೆಸುತ್ತಿದ್ದವನನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಐವತ್ತು ದಾಟಿದ ಮುಸಲ್ಮಾನ. ಅವನ ಹೆಂಡತಿ ಮನೆಯಲ್ಲಿ ಜಮಖಾನ ನೇಯುತ್ತಿದ್ದಳು. ಆ ಜಮಖಾನದ ಗಂಟನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿ ಮಾರುವುದು ಅವನ ಹಿಂದಿನ ಉದ್ಯೋಗ. ಮೊಣಕಾಲು ಕೈಕೊಟ್ಟವು. ನಡೆಯಲಿಕ್ಕಾಗದು, ಆದರೆ ನಿಂತು ಜಗ್ಗಲಿಕ್ಕೆ ತೋಳಿನಲ್ಲಿ ಬಲವಿತ್ತು. ಅದಕ್ಕೇ ಈ ದೋಣಿ ಕಟ್ಟಿದ್ದ. ಸುಗ್ಗಿಯಲ್ಲಿ ಮನೆಮನೆಯವರು ಅವನಿಗೆ ಜೋಳ ಅಳೆಯುತ್ತಿದ್ದರು. ಅದೇ ಅವನ ವರ್ಷದ ಅನ್ನ. ಮಕ್ಕಳು ಹತ್ತಿದರೆ ನಡುವೆ ಕೂರಿಸಿ, ತಾನು ಅಂಚಿಗೆ ನಿಂತು, "ಅಲುಗಾಡಬ್ಯಾಡ್ರಿಲೇ, ಮೀನ ನೋಡಾಕ ಬಗ್ಗಿದ್ರ ಮೀನಾ ನಿಮ್ಮನ್ನ ನೋಡತಾವ" ಎಂದು ಗದರುತ್ತಿದ್ದ. ನನ್ನನ್ನು ಎಲ್ಲರಂತೆ ಅಕ್ಕಾರ ಎನ್ನುತ್ತಿದ್ದ. ನಮ್ಮ ಕಡೆ ಶಾಲೆಯ ಹೆಣ್ಣುಮಕ್ಕಳಿಗೆಲ್ಲ, ಅಂದರೆ ಕಲಿಸುವವರಿಗೆ, ಅದೇ ಹೆಸರು.

ಇನ್ನು ನಮ್ಮ ಅತ್ತೆಯ ವಿಷಯ. ಅವರ ಬಾಯಿ ಓಣಿಗೇ ಹೆಸರುವಾಸಿ. ಭಕ್ತಿಯೂ ಅಷ್ಟೇ. ಬೆಳಿಗ್ಗೆ ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಲಿಂಗಪೂಜೆಗೆ ಕೂತರೆ ಮನೆಯಲ್ಲಿ ಯಾರೂ ಪಾತ್ರೆ ಸಪ್ಪಳ ಮಾಡುವಂತಿರಲಿಲ್ಲ. ಪೂಜೆಗೆ ಪತ್ರಿ ಬೇಕು, ನಮ್ಮ ಹಿತ್ತಲಿನ ಬಿಳಿ ಕಣಗಿಲ ಹೂ ಬೇಕು. ಊರಲ್ಲಿ ಕೆಂಪು ಕಣಗಿಲ ಹತ್ತು ಮನೆಯಲ್ಲಿತ್ತು, ಬಿಳಿಯದು ನಮ್ಮಲ್ಲಿ ಮಾತ್ರ. ಅದರ ಬಗ್ಗೆ ಅವರಿಗೆ ಒಂದಿಷ್ಟು ಜಂಬವೂ ಇತ್ತು, ದೇವರು ಕ್ಷಮಿಸಲಿ.

ಮರುದಿನ ದೇವರ ಮೇಲಿಂದ ಇಳಿಸಿದ ಹೂವು ಪತ್ರಿ ನಿರ್ಮಾಲ್ಯ. ಅದು ಕಸವಲ್ಲ. ತಿಪ್ಪೆಗೆ ಹಾಕುವಂತಿಲ್ಲ, ಯಾರ ಕಾಲೂ ಅದರ ಮೇಲೆ ಬೀಳಬಾರದು. ಹಿಂದೆಲ್ಲ ಅದನ್ನು ಗಿಡದ ಬುಡಕ್ಕೆ ಹಾಕುತ್ತಿದ್ದರಂತೆ. ಕಾಲುವೆ ಬಂದ ಮೇಲೆ ಹರಿಯುವ ನೀರು ಮನೆಬಾಗಿಲಿಗೇ ಸಿಕ್ಕಿತು. ಮೊದಲ ಸಲ ನೀರು ಬಿಟ್ಟ ದಿನ ನಮ್ಮ ಓಣಿಯ ಹೆಂಗಸರು ಕಾಲುವೆಗೆ ಉಡಿ ತುಂಬಿದ್ದರು. ಮಲಪ್ರಭೆ ತಾನಾಗಿ ನಡೆದು ಬಂದಿದ್ದಾಳೆ ಎನ್ನುವ ಭಾವ. ಹೊಳೆಗೆ ಬಿಟ್ಟಂತೆಯೇ ಕಾಲುವೆಗೂ ಬಿಡತೊಡಗಿದರು. ಹೊಳೆಯ ಮೈ ಬೇರೆ, ಅಳತೆ ಹಾಕಿ ಕಡಿದ ಕಾಲುವೆಯ ಮೈ ಬೇರೆ ಎಂದು ಆಗ ಯಾರೂ ಯೋಚಿಸಿರಲಿಲ್ಲ. ಆಮೇಲೆ ಬಂದ, ಸಾಲಿ ಕಲಿತ ನಾನೂ ಯೋಚಿಸಲಿಲ್ಲ.

ಅತ್ತೆ ವಾರದ ನಿರ್ಮಾಲ್ಯವನ್ನು ಬುಟ್ಟಿಯಲ್ಲಿ ಕೂಡಿಟ್ಟು ಸೋಮವಾರಕ್ಕೊಮ್ಮೆ ಹಳೆಯ ಪತ್ರಿಕೆಯ ಹಾಳೆಯಲ್ಲಿ ಕಟ್ಟಿ ನೀರಿಗೆ ಬಿಡುತ್ತಿದ್ದರು. ನಾನು ಬಂದ ವರ್ಷದ ಒಂದು ಸೋಮವಾರ ಹಾಳೆ ನೆನೆದು ಅವರ ಕಣ್ಣೆದುರೇ ಒಡೆಯಿತು. ಹೂವೆಲ್ಲ ದಂಡೆಗೆ ಬಂದು ಬಿದ್ದವು. ನೀರು ಕುಡಿಯಲು ಇಳಿದ ಎಮ್ಮೆಗಳು ಅವನ್ನು ಕೆಸರಿನಲ್ಲಿ ತುಳಿದವು. ಅತ್ತೆ ಮನೆಗೆ ಬಂದು ಕಣ್ಣೀರು ಹಾಕಿದರು, ಮಧ್ಯಾಹ್ನ ರೊಟ್ಟಿ ಮುಟ್ಟಲಿಲ್ಲ.

ನಾನು ಆ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅಲ್ಲಿಯವರೆಗೆ ನನ್ನ ರೊಟ್ಟಿ ದಪ್ಪ, ನನ್ನ ಪಲ್ಯ ಸಪ್ಪೆ, ನನ್ನ ರಂಗೋಲಿ ಸೊಟ್ಟ. ಅತ್ತೆಯ ಒಂದು ಒಳ್ಳೆಯ ಮಾತಿಗೆ ನಾನು ಹಪಹಪಿಸುತ್ತಿದ್ದೆ. ನನ್ನ ಪೆಟ್ಟಿಗೆಯಲ್ಲಿ ಹುಬ್ಬಳ್ಳಿಯ ಸೀರೆ ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಚೀಲಗಳ ಒಂದು ದಪ್ಪ ಕಟ್ಟೇ ಇತ್ತು, ಬಿಳಿಯವು, ಮೇಲೆ ಕೆಂಪು ಅಕ್ಷರ. ಆಗ ಅಂಥ ಚೀಲವೆಂದರೆ ಒಗೆದು, ಹಗ್ಗದ ಮೇಲೆ ಒಣಗಿಸಿ, ಮಡಚಿ ಹಾಸಿಗೆಯ ಕೆಳಗೆ ಇಡುವ ವಸ್ತು. ಒಂದನ್ನು ತಂದು ಅತ್ತೆಯ ಮುಂದೆ ಹಿಡಿದೆ.

"ಇದರಾಗ ಕಟ್ರಿ ಅತ್ತಿ. ನೀರಿಗೆ ನೆನೆಯೂದಿಲ್ಲ, ಒಡೆಯೂದಿಲ್ಲ."

ಅವರು ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇಂಥಾ ಚಲೋ ಚೀಲ ನೀರಿಗೆ ಬಿಡೂದ?"

"ದೇವರಿಗಿಂತ ಹೆಚ್ಚೇನ್ರಿ?" ಎಂದೆ.

ಆ ಮಾತು ಅವರಿಗೆ ನಾಟಿತು. ಮುಂದಿನ ಸೋಮವಾರ ಚೀಲ ಕಟ್ಟಿ, ಬಾಯಿಗೆ ಗಂಟು ಬಿಗಿದು ಬಿಟ್ಟರು. ಅದು ನೀರ ಮೇಲೆ ಬೆಳ್ಳಗೆ, ಸುರಕ್ಷಿತವಾಗಿ ತೇಲುತ್ತ ಹೋಯಿತು. ಅತ್ತೆ ಬಾಗಿಲಲ್ಲಿ ನಿಂತು ನಾಲ್ಕು ಮನೆಗೆ ಕೇಳುವಂತೆ ಹೇಳಿದರು: "ನಮ್ಮ ಸೊಸಿ ಅಗದಿ ಶಾಣ್ಯಾಕಿ ನೋಡ್ರಿ. ಸಾಲಿ ಕಲ್ತಿದ್ದು ಸುಮ್ನ ಹೋಗಿಲ್ಲ." ನನಗೆ ಆ ದಿನ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಒಂದು ತಿಂಗಳಲ್ಲಿ ನಮ್ಮ ಓಣಿಯ ಅರ್ಧ ಮನೆಗಳು ಚೀಲಕ್ಕೆ ಬಂದವು. ಸಂತೆಯಲ್ಲಿ ಬದನೆಕಾಯಿಗೂ ಬೆಲ್ಲಕ್ಕೂ ತೆಳ್ಳನೆಯ ಚೀಲ ಕೊಡುವುದು ಶುರುವಾದ ಮೇಲೆ ಉಳಿದರ್ಧವೂ ಬಂತು.

ನಾನು ಬಂದ ಎರಡನೆಯ ವರ್ಷ ಕಾಲುವೆಗೆ ನೀರು ಬಿಟ್ಟ ಮೇಲೆ ದೋಣಿ ತಡವಾಗತೊಡಗಿತು. ನಾನು ಕಾಕಾನ ಮೇಲೆ ಸಿಡಿಮಿಡಿಗೊಂಡೆ. ವಯಸ್ಸಾಯಿತು, ತೋಳೂ ಕೈಕೊಟ್ಟಿರಬೇಕು ಎಂದುಕೊಂಡೆ. "ಕಾಕಾ, ಸಾಲಿ ಗಂಟಿ ನಿಮ್ಮನ್ನ ಕಾಯೂದಿಲ್ಲ" ಎಂದು ಒಂದೆರಡು ಸಲ ಮಕ್ಕಳೆದುರಿಗೇ ಅಂದೆ. ಅವನು "ಹೌದ್ರಿ ಅಕ್ಕಾರ" ಎಂದು ಜಗ್ಗುತ್ತಿದ್ದ. ಅದರಲ್ಲೂ ಸೋಮವಾರ, ಮಂಗಳವಾರ ದೋಣಿ ಬಹಳ ಭಾರ. ಸೋಮವಾರವೇ ಯಾಕೆ ಎಂದು ನನ್ನ ಶಾಣ್ಯಾತನಕ್ಕೆ ಹೊಳೆಯಲಿಲ್ಲ.

ಒಂದು ಮಂಗಳವಾರ ಶಾಲೆ ಬೇಗ ಬಿಟ್ಟಿತು. ನಾನು ದಂಡೆಗೆ ಬಂದಾಗ ಕಾಕಾ ಕೊಕ್ಕೆ ಕಟ್ಟಿದ ಬಿದಿರಿನಿಂದ ಹಗ್ಗಕ್ಕೆ, ಡ್ರಮ್ಮಿನ ಸಂದಿಗೆ ಸಿಕ್ಕಿದ್ದ ಚೀಲಗಳನ್ನು ಎಳೆದು ಹಲಗೆಯ ಮೇಲೆ ಗುಡ್ಡೆ ಹಾಕಿದ್ದ. ನಡುನೀರಿನಲ್ಲಿ ಹಗ್ಗ ಜೋತು ನೀರಿಗೆ ತಾಗುತ್ತಿತ್ತು. ಮೇಲಿನಿಂದ ಬಂದ ಚೀಲಗಳೆಲ್ಲ ಅಲ್ಲೇ ತಡೆದು, ಒಂದರ ಬೆನ್ನಿಗೆ ಒಂದು ಅಂಟಿಕೊಳ್ಳುತ್ತಿದ್ದವು. ಅವನು ಮೊದಲು ಕೈ ತೊಳೆದುಕೊಂಡ. ಆಮೇಲೆ ಒಂದೊಂದೇ ಚೀಲದ ಗಂಟು ಬಿಚ್ಚಿ, ಹಗ್ಗದ ಕೆಳಬದಿಗೆ ಕೈ ಚಾಚಿ ಹೂವನ್ನು ನೀರಿಗೆ ಬಿಟ್ಟು, ಖಾಲಿ ಚೀಲವನ್ನು ಗೋಣಿಯಲ್ಲಿ ತುರುಕುತ್ತಿದ್ದ.

"ಇದೇನು ಕಾಕಾ? ಕಸ ಹಂಗ ತಿಪ್ಪಿಗೆ ಒಗದ್ರ ಆಗೂದಿಲ್ಲೇನು?" ಎಂದೆ.

"ಕಸ ಅಲ್ರಿ ಅಕ್ಕಾರ, ದೇವ್ರ ಮ್ಯಾಲಿನ ಹೂ ಇವು. ದಂಡಿಗೆ ಒಗದ್ರ ದನ ತುಳಿತಾವ, ಮಂದಿ ತುಳಿತಾರ. ನೀರಿಗಂತ ಕಟ್ಟಿ ಕೊಟ್ಟಾರ, ನೀರಿಗೆ ಮುಟ್ಟಸ್ತೀನಿ."

"ದಿನಾ ಮಾಡತೀರೇನು?"

"ನೀವು ಸಾಲಿಗೆ ಹ್ವಾದ ಮ್ಯಾಲೆ ದಿನಾ ಮಾಡತೀನ್ರಿ. ದೋಣಿ ನಡೀಬೇಕಲ್ರಿ. ಇವು ಹತ್ತಿದ್ರ ಹಗ್ಗ ಜಗ್ಗತಾವ, ಹಗ್ಗ ಗೂಟಾನ ಜಗ್ಗತೈತಿ. ನೋಡ್ರಿ, ನಿಮ್ಮ ಓಣಿ ಬಾಜೂದ ಗೂಟ ಆಗ್ಲೇ ವಾಲೇತಿ."

ಮಾತಾಡುತ್ತಲೇ ಅವನು ಕೈಗೆತ್ತಿಕೊಂಡ ಚೀಲವನ್ನು ನೋಡಿ, ತಟ್ಟನೆ ಗೋಣಿಯ ಮರೆಗೆ ಸರಿಸಿದ. ನಾನು ಅಷ್ಟರಲ್ಲಿ ಕೆಂಪು ಅಕ್ಷರ ಕಂಡಿದ್ದೆ. ಒಳಗೆ ಬಿಳಿ ಕಣಗಿಲ ಹೂ.

"ಅದು ನಮ್ಮನೀದು" ಎಂದೆ.

"ಗೊತ್ತೈತ್ರಿ" ಎಂದ. ಮುಖ ಎತ್ತಲಿಲ್ಲ. "ಹ್ವಾದ ವರ್ಷದಿಂದ ಗೊತ್ತೈತಿ. ಇರಲಿ ಬಿಡ್ರಿ. ಅವ್ವಾರ ಮುಂದ ಹೇಳಬ್ಯಾಡ್ರಿ, ಮನಸಿಗೆ ಹಚಗೋತಾರ."

"ಮಂದಿಗೆ ನೀವ ಹೇಳಬೇಕಿತ್ತು. ಇಷ್ಟ ದಿನ ಯಾಕ ಸುಮ್ನಿದ್ರಿ?"

ಅವನು ಗೋಣಿಯ ಬಾಯಿ ಬಿಗಿಯುತ್ತ ಹೇಳಿದ: "ನಿಮ್ಮ ದೇವ್ರ ಹೂ ನನ್ನ ದೋಣಿಗೆ ಅಡ್ಡ ಬರತಾವು ಅಂತ ನಾ ಯಾ ಬಾಯಿಲೆ ಹೇಳ್ಲಿ ಅಕ್ಕಾರ?"

ಮನೆಗೆ ಹೋದವಳೇ ಹೇಳಿಬಿಡಬೇಕು ಎಂದುಕೊಂಡೆ. ಹೋದೆ. ಅತ್ತೆ ಬುಟ್ಟಿಯಲ್ಲಿ ಹೂ ಹಾಕುತ್ತಿದ್ದರು. ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಶಾಣ್ಯಾಕಿ ಸೊಸೆ ಎಂಬ ಹೆಸರು ಬಂದದ್ದೇ ಆ ಚೀಲದಿಂದ. ನನಗೆ ಬೇರೆ ಬಂಡವಾಳವಿರಲಿಲ್ಲ, ರೊಟ್ಟಿ ಇನ್ನೂ ದಪ್ಪವೇ ಆಗುತ್ತಿತ್ತು. ಕಾಕಾ ಹೇಳಬೇಡ ಎಂದಿದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವನ ಸೌಜನ್ಯ ನನಗೆ ಬಹಳ ಅನುಕೂಲವಾಯಿತು. ನಾಳೆ ಹೇಳಿದರಾಯಿತು ಎಂದೆ. ಹೀಗೆ ಹದಿನೈದು ದಿನ ಹೋದವು.

ಅಷ್ಟರಲ್ಲಿ ಶ್ರಾವಣ ಬಂತು. ಶ್ರಾವಣ ಸೋಮವಾರವೆಂದರೆ ನಮ್ಮಲ್ಲಿ ಯಾವ ಮನೆಯ ಪೂಜೆಯೂ ಸಣ್ಣದಲ್ಲ. ಪತ್ರಿಯೇ ಪತ್ರಿ, ಹೂವೇ ಹೂವು. ಮೇಲಿನ ಊರುಗಳಲ್ಲೂ ಅದೇ, ಅವರ ಚೀಲಗಳೂ ನಮ್ಮ ಹಗ್ಗಕ್ಕೇ ಬರಬೇಕು. ಎರಡನೆಯ ಸೋಮವಾರ ಮುಂಜಾನೆಯಿಂದ ಜಡಿಮಳೆ, ಶಾಲೆಗೆ ರಜೆ. ಸಂಜೆ ಸುದ್ದಿ ಬಂತು. ನಮ್ಮ ದಂಡೆಯ ಗೂಟ ಬುಡಸಮೇತ ಕಿತ್ತುಬಂದಿದೆ, ಜೊತೆಗೆ ಕಾಲುವೆಯ ಒಡ್ಡಿನ ಮಣ್ಣೂ ಒಂದು ಗಾಡಿಯಷ್ಟು ನೀರಿಗೆ ಕುಸಿದಿದೆ. ದೋಣಿಯಲ್ಲಿ ಯಾರೂ ಇರಲಿಲ್ಲ, ಅದೊಂದು ಪುಣ್ಯ. ಹಗ್ಗದ ಆಚೆ ತುದಿ ಗಟ್ಟಿಯಿದ್ದುದರಿಂದ ದೋಣಿ ಆ ದಂಡೆಗೆ ಹೋಗಿ ನಿಂತಿತ್ತು.

ಮರುದಿನ ಮಳೆ ನಿಂತಿತು. ಕಾಲುವೆಯ ಸಾಹೇಬರು ಜೀಪು ಹಾಕಿಕೊಂಡು ಬಂದರು. ಊರು ದಂಡೆಗೆ ನೆರೆಯಿತು. ಕಾಕಾ ಯಾರದೋ ಹೆಗಲು ಹಿಡಿದು ಸೇತುವೆ ಸುತ್ತಿ ಹೋಗಿ ದೋಣಿಯನ್ನು ಈ ಬದಿಗೆ ತಂದು ನಿಲ್ಲಿಸಿದ್ದ. ಮೊಣಕಾಲವರೆಗೆ ಕೆಸರು. ಹಗ್ಗವನ್ನು ದಂಡೆಗೆ ಎಳೆದು ಹಾಕಿದ್ದರು. ಅದರ ಮೈತುಂಬ ಚೀಲಗಳು, ಬಿಳಿ, ನೀಲಿ, ಗುಲಾಬಿ.

ಸಾಹೇಬರು ಕೆಟ್ಟ ಮನುಷ್ಯರಲ್ಲ. ಹಣೆಯ ಮೇಲೆ ವಿಭೂತಿ ಇತ್ತು. ಆದರೆ ಕುಸಿದ ಒಡ್ಡು ನೋಡಿ ಅವರ ಮುಖ ಬೆಳ್ಳಗಾಗಿತ್ತು. "ಇನ್ನ ಒಂದ ಮಳಿ ಆಗಿದ್ರ ಕೆನಾಲ ಒಡೀತಿತ್ತು. ಇಷ್ಟೂ ಹೊಲ ನೀರಾಗ ಹೋಗತಿದ್ವು. ಬಿಚ್ಚ್ರಿ ಈ ದೋಣಿ. ಇವತ್ತ ಬಿಚ್ಚಬೇಕು, ಮತ್ತ ಹಾಕಂಗಿಲ್ಲ" ಎಂದರು. ಕಾಕಾ ಹಗ್ಗದ ತುದಿ ಹಿಡಿದು ನಿಂತಿದ್ದ. ಬಿಡಲಿಲ್ಲ. ಬಿಚ್ಚಿದರೆ ಅವನಿಗೆ ಮುಂದೇನು ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಮೊಣಕಾಲಲ್ಲಿ ಮತ್ತೆ ಜಮಖಾನ ಹೊತ್ತು ತಿರುಗಲಿಕ್ಕಾಗದು.

ಸಾಹೇಬರು ಕಾಲಿನಿಂದ ಚೀಲಗಳನ್ನು ತೋರಿಸಿ ಕೇಳಿದರು: "ಇವು ಯಾರವು? ಯಾರು ಒಗೀತಾರ ಇವನ್ನ?"

ಗಂಡಸರು ಆಕಾಶ ನೋಡಿದರು. ಹೆಂಗಸರು ಸೆರಗು ಸರಿಮಾಡಿಕೊಂಡರು. ನಾನು ಎಲ್ಲರಿಗಿಂತ ಮುಂದೆ ನಿಂತಿದ್ದೆ. ನನಗೆ ಗೊತ್ತಿತ್ತು. ಶಾಲೆಯಲ್ಲಿ ದಿನಕ್ಕೆ ಹತ್ತು ಸಲ ಸುಳ್ಳು ಹೇಳಬಾರದು ಎಂದು ಹೇಳುವವಳು ನಾನು. ಬಾಯಿ ಬಿಡಲಿಲ್ಲ.

"ನನ್ನವ್ರಿ ಸಾಹೇಬ್ರ" ಎಂದ ಕಾಕಾ. "ದೋಣಿ ನಂದು, ಹಗ್ಗ ನಂದು. ಹಗ್ಗ ಸ್ವಚ್ಛ ಇಟಗೊಳ್ಳೂದು ನನ್ನ ಕೆಲಸಿತ್ತು. ಮಳಿ ಅಂತ ನಿನ್ನೆ ಬಿಟ್ಟೆ. ತಪ್ಪು ನಂದು."

ಆಗಲೇ ನಮ್ಮ ಅತ್ತೆ ಬಂದದ್ದು. ಹಿಂದಿನ ದಿನದ ಮಳೆಗೆ ಹೊರಗೆ ಬರಲಾಗದೆ, ಆ ವಾರದ ನಿರ್ಮಾಲ್ಯವನ್ನು ಮಂಗಳವಾರ ಹಿಡಿದು ಬಂದಿದ್ದರು. ಕೈಯಲ್ಲಿ ಗಂಟು ಬಿಗಿದ ಚೀಲ. ಜನ ಯಾಕೆ ಸೇರಿದ್ದಾರೆಂದು ನುಗ್ಗಿಕೊಂಡು ಮುಂದೆ ಬಂದವರಿಗೆ ಹಗ್ಗ ಕಂಡಿತು, ಹಗ್ಗಕ್ಕೆ ಸುತ್ತಿಕೊಂಡ ಚೀಲಗಳು ಕಂಡವು. ಬಗ್ಗಿ ಒಂದನ್ನು ಕೈಗೆ ತೆಗೆದುಕೊಂಡರು. ಕೆಂಪು ಅಕ್ಷರ. ಗಂಟು ಬಿಚ್ಚಿದರು. ಕಾಕಾನ ಕೊಕ್ಕೆಗೆ ಸಿಗದೆ ಹಗ್ಗದ ಅಡಿಯಲ್ಲಿ ಉಳಿದಿದ್ದ ಹೋದ ವಾರದ ಕಣಗಿಲ ಹೂ ಒಳಗೇ ಕೊಳೆತು ಕಂದಾಗಿದ್ದವು. ಆ ವಾಸನೆಗೆ ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. ನೀರು ಸೇರಿತು, ದೇವರಿಗೆ ಮುಟ್ಟಿತು ಎಂದು ನಂಬಿದ್ದ ಹೂವು.

"ತಮ್ಮಾ, ಇದು ನಿನಗ ಗೊತ್ತಿತ್ತು?" ಎಂದು ಕಾಕಾನನ್ನು ಕೇಳಿದರು. ಅವನು ನೆಲ ನೋಡಿದ.

ಅತ್ತೆ ಸಾಹೇಬರ ಕಡೆ ತಿರುಗಿದರು. "ಅವನ್ನ ಯಾಕ ಕೇಳ್ತೀರಿ? ಇದು ನಮ್ಮನೀದು. ಬಿಳಿ ಕಣಗಿಲ ನಮ್ಮನಿ ಬಿಟ್ರ ಈ ಊರಾಗ ಇಲ್ಲ. ಕಟ್ಟಿದಾಕಿ ನಾನು, ಬಿಟ್ಟಾಕಿ ನಾನು. ಬೈಯೂದಿದ್ರ ನನ್ನ ಬೈರಿ." ಆಮೇಲೆ ಹೆಂಗಸರ ಗುಂಪಿಗೆ ಅವರ ನಿಜವಾದ ಬಾಯಿ ತೆರೆಯಿತು: "ಯಾಕ, ಎಲ್ಲಾರ ಬಾಯಾಗೂ ಕಡಬು ಐತೇನು? ಇದರಾಗ ನಿಮ್ಮವಿಲ್ಲ? ನೋಡಿಕೊಳ್ರಿ ಬರ್ರಿ, ನಿಮ್ಮ ಗಂಟು ನಿಮಗ ಗುರ್ತು ಸಿಗತಾವ."

ಮೊದಲು ಯಾರೂ ಅಲುಗಲಿಲ್ಲ. ಆಮೇಲೆ ಎದುರುಮನೆಯಾಕೆ ಬಂದು ಒಂದು ನೀಲಿ ಚೀಲ ಬಿಡಿಸಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಸ್ವಲ್ಪ ಹೊತ್ತಿನಲ್ಲಿ ಹತ್ತೆಂಟು ಹೆಂಗಸರು ಕೆಸರಿನಲ್ಲಿ ಕೂತು ಹಗ್ಗದಿಂದ ಚೀಲ ಬಿಡಿಸುತ್ತಿದ್ದರು. ನಾನೂ ಕೂತೆ.

ಸಾಹೇಬರು ಅದನ್ನೇ ನೋಡುತ್ತ ನಿಂತರು. "ನಮ್ಮ ಮನ್ಯಾಗೂ ಹಿಂಗ ಬಿಡತಾರ" ಎಂದರು, ಯಾರಿಗೂ ಅಲ್ಲ ಎಂಬಂತೆ. ಆಮೇಲೆ ಕಾಕಾನಿಗೆ ಹೇಳಿದರು: ಗೂಟ ಒಡ್ಡಿನಿಂದ ಹತ್ತು ಮೊಳ ಹಿಂದೆ ಹುಗಿಯಬೇಕು, ಹಗ್ಗ ನೀರಿಗೆ ತಾಗಬಾರದು, ಇನ್ನು ಒಂದು ಚೀಲ ಕಂಡರೂ ದೋಣಿ ಇರುವುದಿಲ್ಲ. ಜೀಪು ಹೋಯಿತು. ಅತ್ತೆ ಕೈಯಲ್ಲಿದ್ದ ಆ ವಾರದ ಚೀಲವನ್ನು ಹಾಗೇ ಮನೆಗೆ ತಂದು, ಹಿತ್ತಲಿನ ಕಣಗಿಲದ ಬುಡದಲ್ಲಿ ಗುಂಡಿ ತೋಡಿ, ಹೂವನ್ನು ಅದಕ್ಕೆ ಹಾಕಿ ಮಣ್ಣು ಮುಚ್ಚಿದರು. ಸುತ್ತಲೂ ಯಾರೂ ತುಳಿಯದಂತೆ ಕಲ್ಲಿಟ್ಟರು.

ಮಧ್ಯಾಹ್ನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು: "ನಾ ಆ ಚೀಲ ಬಿಚ್ಚಿದಾಗ ಎಲ್ಲಾರೂ ಗಾಬರ್ಯಾದ್ರು. ನೀ ಆಗ್ಲಿಲ್ಲ. ನಿನಗ ಮೊದ್ಲ ಗೊತ್ತಿತ್ತೇನು?"

"ಗೊತ್ತಿತ್ರಿ ಅತ್ತಿ. ಹದಿನೈದ ದಿನಾತು."

"ನನ್ನ ಮನಸು ನೋಯಬಾರದು ಅಂತ ಸುಮ್ನಿದ್ದಿ?"

ಅವರು ನನಗೆ ದಾರಿ ಬಿಟ್ಟುಕೊಟ್ಟಿದ್ದರು. ಹೌದ್ರಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮುಂಜಾನೆಯ ಮೌನವೇ ನನಗೆ ಸಾಕಾಗಿತ್ತು. "ಅಲ್ರಿ" ಎಂದೆ. "ಚೀಲ ಕೊಟ್ಟಾಕಿ ನಾನು. ನನ್ನ ಶಾಣ್ಯಾಕಿ ಅನ್ನೂದು ಬಿಡತೀರಿ ಅಂತ ಸುಮ್ನಿದ್ದೆ." ಹೇಳುತ್ತಲೇ ಅಳು ಬಂತು.

ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ತವೆಯ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಹೇಳಿದರು: "ನನ್ನ ಒಂದ ಮಾತಿನ ಸಲುವಾಗಿ ಅವನ ದೋಣಿ ಹೋಗತಿತ್ತಲ್ಲ ಬೇ."

ಆ ಮಾತು ಇಷ್ಟು ವರ್ಷವಾದರೂ ನನ್ನ ಕಿವಿಯಿಂದ ಹೋಗಿಲ್ಲ.

ಮೂರು ದಿನದಲ್ಲಿ ಊರವರು ಸೇರಿ ಹೊಸ ಗೂಟ ಹುಗಿದರು. ದೋಣಿ ಮತ್ತೆ ನಡೆದ ಮುಂಜಾನೆ ನಾನು ದಂಡೆಗೆ ಹೋದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಸಾಹೇಬರು ಕೇಳಿದಾಗ ನಾನು ಮುಂದೆ ನಿಂತು ಸುಮ್ಮನಿದ್ದುದನ್ನು ಅವನು ನೋಡಿದ್ದ. ನೋಡಿಯೇ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದ. ನಾನು "ಕಾಕಾ, ಅವತ್ತ ನಾನು" ಎಂದು ಶುರುಮಾಡುವಷ್ಟರಲ್ಲಿ ಅವನು, "ಹತ್ರಿ ಅಕ್ಕಾರ, ಗಂಟಿ ಹೊಡದಾತು. ಸಾಲಿ ಗಂಟಿ ನನ್ನ ಕಾಯೂದಿಲ್ಲ" ಎಂದು ನಕ್ಕ.

ನಾನು ಹತ್ತಿದೆ. ಕೂರಲಿಲ್ಲ. ಪುಸ್ತಕದ ಕೈಚೀಲವನ್ನು ಮಕ್ಕಳ ಕೈಗೆ ಕೊಟ್ಟು, ಅವನ ಪಕ್ಕ ನಿಂತು ಹಗ್ಗಕ್ಕೆ ಕೈ ಹಾಕಿದೆ.

"ಬ್ಯಾಡ್ರಿ, ಕೈಗೆ ಗುಳ್ಳಿ ಏಳತಾವ."

"ಏಳ್ಲಿ ಬಿಡ್ರಿ" ಎಂದೆ.

ಎದ್ದವು. ಆ ವಾರವೆಲ್ಲ ಸೀಮೆಸುಣ್ಣ ಹಿಡಿಯಲಿಕ್ಕೆ ಬರಲಿಲ್ಲ, ಮಕ್ಕಳೇ ಕರಿಹಲಗೆಯ ಮೇಲೆ ಬರೆದರು.